ಮೈಸೂರಿನ ಹಣದಲ್ಲಿ ಉಳಿದ ಪಿಯಾನೊ

ಮೈಸೂರು ಅರಮನೆಯ ಸಂಗೀತಾಶ್ರಯ ಎಂದೊಡನೆ ನಮಗೆ ವೀಣೆ ಶೇಷಣ್ಣ, ವಾಸುದೇವಾಚಾರ್ಯರು ನೆನಪಾಗುತ್ತಾರೆ. ಉಸ್ತಾದ್ ಫೈಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸಿಖಿ’ ಬಿರುದು ಕೊಟ್ಟದ್ದೂ ಇದೇ ಅರಮನೆ. ಆದರೆ ಲಂಡನ್ನಿನಲ್ಲಿ ಸೋತು ಕುಳಿತಿದ್ದ ರಷ್ಯನ್ ಸಂಗೀತಗಾರರೊಬ್ಬರ ಕೈಯನ್ನೂ ಅದು ಹಿಡಿದದ್ದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದು.

ನಿಕೊಲಾಯ್ ಮೆಡ್ಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ಮನಸ್ಸು ಮಾಡಿದ್ದರೆ ಪಿಯಾನೊ ವಾದಕರಾಗಿಯೇ ಸುಖವಾಗಿ ಬದುಕಬಹುದಿತ್ತು. ಅವರು ಸಂಗೀತ ರಚನೆಯ ಹಾದಿ ಹಿಡಿದರು, ಅದೂ ಹತ್ತೊಂಬತ್ತನೆಯ ಶತಮಾನದ ರೊಮ್ಯಾಂಟಿಕ್ ಹಾದಿ. ಯುರೋಪು ಸ್ಟ್ರಾವಿನ್‌ಸ್ಕಿಯತ್ತ ವಾಲಿದಾಗಲೂ ಕದಲಲಿಲ್ಲ. ಹೊಸ ಸಂಗೀತವನ್ನು ಖಂಡಿಸಿ ಒಂದು ಪುಸ್ತಕವನ್ನೇ ಬರೆದರು. 1935ರಲ್ಲಿ ಅದನ್ನು ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದವರು ಗೆಳೆಯ ರಖ್ಮಾನಿನೊಫ್. 1921ರಲ್ಲಿ ರಷ್ಯಾ ಬಿಟ್ಟವರು ಅಲ್ಲಿ ಇಲ್ಲಿ ಅಲೆದು ಲಂಡನ್ ಸೇರಿದರು. ಎರಡನೇ ಮಹಾಯುದ್ಧ ಬಂದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. 1942ರಲ್ಲಿ ಹೃದಯಾಘಾತ. ಶಿಷ್ಯೆ ಎಡ್ನಾ ಐಲ್ಸ್ ಆಸರೆಯಾದರು.

ಆಗ ನೆರವಿಗೆ ಬಂದವರು ಜಯಚಾಮರಾಜ ಒಡೆಯರು. 1919ರಲ್ಲಿ ಹುಟ್ಟಿದ ಅರಸರು ಮೆಡ್ಟ್ನರ್‌ಗೆ ಮಗನ ವಯಸ್ಸಿನವರು. ಪಿಯಾನೊ ಬಲ್ಲವರು, ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರು. ಅವರ ಹಣದಿಂದ ಲಂಡನ್ನಿನಲ್ಲಿ ಮೆಡ್ಟ್ನರ್ ಸೊಸೈಟಿ ಹುಟ್ಟಿತು. 1947ರಲ್ಲಿ, ಫಿಲ್ಹಾರ್ಮೋನಿಯಾ ವಾದ್ಯವೃಂದದ ಜೊತೆ, ತಮ್ಮ ಮೂರೂ ಕನ್ಸರ್ಟೊಗಳನ್ನು ಮೆಡ್ಟ್ನರ್ ಸ್ವತಃ ನುಡಿಸಿದರು, ಎಚ್‌ಎಂವಿ ಧ್ವನಿಮುದ್ರಿಸಿತು. ಮೂರನೆಯ ಕನ್ಸರ್ಟೊ ಮಹಾರಾಜರಿಗೇ ಅರ್ಪಿತ.

ಆ ಹಣ ಯಾರದು? ಈ ಪ್ರಶ್ನೆಯನ್ನು ನಾವು ದಾಟಿ ಹೋಗಲಾರೆವು. ಅರಮನೆಯ ಖರ್ಚಿನ ಹಿಂದೆ ಕಂದಾಯ ಕಟ್ಟಿದ ರೈತನಿದ್ದ, ಕೋಲಾರದ ಚಿನ್ನದ ಗಣಿಗಿಳಿದ ಕೂಲಿಯಿದ್ದ. ಅದೇ 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ಜನ ‘ಮೈಸೂರು ಚಲೋ’ ಎಂದು ಬೀದಿಗಿಳಿದಿದ್ದರು. ಆ ಜನರಲ್ಲಿ ಯಾರೂ ಮೆಡ್ಟ್ನರ್ ಹೆಸರು ಕೇಳಿರಲಾರರು.

ಆದರೂ ಅದನ್ನು ದುಂದು ಎನ್ನಲು ನಮಗೆ ಮನಸ್ಸು ಬಾರದು. ಸ್ವರಲಿಪಿ ಹೇಗೂ ಕಾಗದದಲ್ಲಿ ಉಳಿಯುತ್ತಿತ್ತು. ಬರೆದಾತನೇ ಅದನ್ನು ಹೇಗೆ ನುಡಿಸುತ್ತಿದ್ದ, ಎಲ್ಲಿ ತಡೆದು ಎಲ್ಲಿ ಹರಿಯಬಿಡುತ್ತಿದ್ದ ಎಂಬುದು ಆತನೊಡನೆ ಮಣ್ಣಾಗುತ್ತಿತ್ತು. ಮುದಿ ರೋಗಿಯೊಬ್ಬರ ಹಳೆಯ ಶೈಲಿಯ ಸಂಗೀತದ ಮೇಲೆ ಅಷ್ಟು ಹಣ ಹೂಡಲು ಯಾವ ವ್ಯಾಪಾರಿಯೂ ಮುಂದೆ ಬರುತ್ತಿರಲಿಲ್ಲ.

1950ರಲ್ಲಿ ಎಲಿಸಬೆತ್ ಶ್ವಾರ್ಜ್‌ಕೋಫ್ ಅವರ ಹಾಡುಗಳನ್ನು ಹಾಡಿದರು, ಪಿಯಾನೊದಲ್ಲಿ ಮೆಡ್ಟ್ನರ್ ಕುಳಿತರು. ಅಷ್ಟರಲ್ಲಿ ಮೈಸೂರು ಸಂಸ್ಥಾನವೇ ಗಣರಾಜ್ಯದಲ್ಲಿ ಸೇರಿಹೋಗಿತ್ತು. 1951ರ ನವೆಂಬರ್ 13ರಂದು ಮೆಡ್ಟ್ನರ್ ಲಂಡನ್ನಿನಲ್ಲಿ ತೀರಿಕೊಂಡರು.