ಗೀಡೋಗೆ ಬಸ್ಸು ಗುದ್ದಿದ್ರೆ?

2018ರ ಜುಲೈ 13, ಶುಕ್ರವಾರ. ಬೆಳಿಗ್ಗೆ ಆಫೀಸಿನ ಕಾಫಿ ಮಷೀನ್ ಮುಂದೆ ನಿಂತಿದ್ದೆ. ಪಕ್ಕದ ಟೀಮಿನ ಗೆಳೆಯ ಬಂದು, "ಗೈಡೋ ರಿಸೈನ್ ಮಾಡ್ಬಿಟ್ರಂತೆ ಕಣೋ" ಅಂದ. ಯಾವ ಕಂಪನಿ, ಡ್ರಾಪ್‌ಬಾಕ್ಸಾ ಅಂತ ಕೇಳಿದೆ. "ಕಂಪನಿ ಅಲ್ಲ ಮಾರಾಯ, ಪೈಥಾನ್‌ನೇ ಬಿಟ್ರು" ಅಂದ.

ಸಂಬಳ ಇಲ್ಲದ, ಯಾರೂ ನೇಮಕದ ಪತ್ರ ಕೊಟ್ಟಿರದ, ಯಾವ ಕಾಗದದ ಮೇಲೂ ಸರಿಯಾಗಿ ಬರೆದಿರದ ಒಂದು ಹುದ್ದೆಗೆ ರಾಜೀನಾಮೆ. ಆದರೆ ಆ ಹುದ್ದೆಯ ನೆರಳಲ್ಲೇ ನನ್ನ ಅನ್ನ ಇತ್ತು. ನಮ್ಮ ಟೀಮಿನ ಹನ್ನೊಂದು ಜನ ದಿನಾ ಬರೆಯೋದು ಪೈಥಾನ್, ಓದೋದು ಪೈಥಾನ್, ರಾತ್ರಿ ಎರಡು ಗಂಟೆಗೆ ಎದ್ದು ಶಪಿಸೋದೂ ಪೈಥಾನ್‌ಗೇ. ಇನ್ಮೇಲೆ ಇದನ್ನ ಯಾರು ನೋಡ್ಕೊಳ್ತಾರೆ ಅಂತ ಒಬ್ಬಳು ಕೇಳಿದಾಗ ನಮ್ಮಲ್ಲಿ ಯಾರ ಹತ್ರಾನೂ ಉತ್ತರ ಇರಲಿಲ್ಲ. ತಮಾಷೆ ಅಂದ್ರೆ ಆ ಪ್ರಶ್ನೆಗೆ ಅಷ್ಟೊತ್ತಿಗಾಗಲೇ ಇಪ್ಪತ್ನಾಲ್ಕು ವರ್ಷ ವಯಸ್ಸಾಗಿತ್ತು.

ಮೊದಲು ಹೆಸರಿನ ವಿಷಯ. ಎಂಜಿನಿಯರಿಂಗ್ ಕಾಲೇಜಿನಿಂದಲೂ ನಾವೆಲ್ಲ 'ಗೈಡೋ' ಅಂತಲೇ ಹೇಳಿಕೊಂಡು ಬಂದವರು. ಡಚ್ಚರ ಬಾಯಲ್ಲಿ ಅದು ಗಂಟಲಿನಿಂದ ಹೊರಡೋ 'ಖೀಡೋ'. ನಾನಿಲ್ಲಿ ಗೀಡೋ ಅಂತ ರಾಜಿ ಮಾಡಿಕೊಂಡಿದ್ದೇನೆ. ಗೀಡೋ ವಾನ್ ರಾಸಮ್ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಅನ್ನುವ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದರು. 1989ರ ಕ್ರಿಸ್‌ಮಸ್ ರಜೆಯಲ್ಲಿ ಹೊತ್ತು ಕಳೆಯೋಕೆ ಅಂತ ಹೊಸ ಭಾಷೆಯೊಂದನ್ನು ಬರೆಯಲು ಕೂತರು. ಹೆಸರು ಹಾವಿನದ್ದಲ್ಲ, ಮಾಂಟಿ ಪೈಥಾನ್ ಅನ್ನೋ ಬ್ರಿಟಿಷ್ ಹಾಸ್ಯ ತಂಡದ್ದು. 1991ರ ಫೆಬ್ರವರಿಯಲ್ಲಿ ಅದನ್ನು ಮೂಲ ಕೋಡ್ ಸಮೇತ ಪುಕ್ಕಟೆಯಾಗಿ ಎಲ್ಲರಿಗೂ ಬಿಟ್ಟುಕೊಟ್ಟರು.

ಮೂರು ವರ್ಷ ಕಳೆಯಿತು. ಬಳಸುವವರು ಹೆಚ್ಚಾದರು. 1994ರ ಜೂನ್‌ನಲ್ಲಿ ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್‌ನಲ್ಲಿದ್ದ ಬಳಕೆದಾರರೊಬ್ಬರು ಉಳಿದ ಬಳಕೆದಾರರಿಗೆಲ್ಲ ಒಂದು ಪ್ರಶ್ನೆ ಹಾಕಿದರು: ಗೀಡೋಗೆ ನಾಳೆ ಬಸ್ಸು ಗುದ್ದಿದರೆ ಈ ಭಾಷೆಯ ಗತಿಯೇನು? ಕೇಳಿದ್ದರಲ್ಲಿ ಕುಹಕ ಇರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಕೂತು, ಯುರೋಪಿನ ಯಾವುದೋ ಊರಿನ ಒಬ್ಬ ಮನುಷ್ಯನ ಬಿಡುವಿನ ವೇಳೆಯನ್ನು ನಂಬಿ ಕೆಲಸ ಮಾಡೋದು ಹೇಗೆ ಅನ್ನೋದು ನ್ಯಾಯವಾದ ಪ್ರಶ್ನೆಯೇ. ಅದರಿಂದ ಒಳ್ಳೆಯದೇ ಆಯಿತು. ನಿಸ್ಟ್ ಗೀಡೋ ಅವರನ್ನು ಅತಿಥಿ ಸಂಶೋಧಕರಾಗಿ ಕರೆಸಿಕೊಂಡಿತು. ಅದೇ ನವೆಂಬರಿನಲ್ಲಿ ಅಲ್ಲಿ ಮೊದಲ ಪೈಥಾನ್ ಕಾರ್ಯಾಗಾರ ನಡೆಯಿತು. ಸೇರಿದ್ದವರು ಇಪ್ಪತ್ತು ಜನರ ಆಸುಪಾಸು. ಇವತ್ತು ಬೆಂಗಳೂರಿನ ಯಾವುದೇ ಭಾನುವಾರದ ಮೀಟಪ್‌ಗೂ ಅದಕ್ಕಿಂತ ಜಾಸ್ತಿ ಜನ ಬರ್ತಾರೆ.

ಮರುವರ್ಷ ಗೀಡೋ ಅಮೆರಿಕಕ್ಕೇ ಬಂದು ನೆಲೆಸಿದರು. 1995ರಲ್ಲಿ ಪೈಥಾನ್‌ಗೆ ಒಂದು ಸಂಘ ಕಟ್ಟೋಣ ಅಂತ ಕೆಲವರು ಕೂತು ಮಾತಾಡುವಾಗ ಒಬ್ಬರಿಗೊಬ್ಬರು ತಮಾಷೆಯ ಬಿರುದು ಹಂಚಿಕೊಂಡರು. ಗೀಡೋ ಪಾಲಿಗೆ ಬಂದದ್ದು 'ಮೊದಲ ತಾತ್ಕಾಲಿಕ ಬೆನೆವೊಲೆಂಟ್ ಡಿಕ್ಟೇಟರ್ ಫಾರ್ ಲೈಫ್'. ಅಂದರೆ ಆಜೀವ ಪರ್ಯಂತ ದಯಾಮಯ ಸರ್ವಾಧಿಕಾರಿ, ಆದರೆ ತಾತ್ಕಾಲಿಕ! ನಗೋಕೆ ಇಟ್ಟ ಹೆಸರು. ಕಾಲ ಕಳೆದಂತೆ 'ಮೊದಲ', 'ತಾತ್ಕಾಲಿಕ' ಎರಡೂ ಉದುರಿಹೋಗಿ ಬರೀ ಬಿಡಿಎಫ್‌ಎಲ್ ಉಳಿಯಿತು. ಆಮೇಲೆ ಓಪನ್ ಸೋರ್ಸ್ ಪ್ರಪಂಚದಲ್ಲೆಲ್ಲ ಪ್ರಾಜೆಕ್ಟಿನ ಯಜಮಾನನಿಗೆ ಅದೇ ಪದ ಬಳಕೆಗೆ ಬಂತು. ಬಸ್ಸಿನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಸರ್ವಾಧಿಕಾರಿ ಅಂದ ತಕ್ಷಣ ದರ್ಬಾರು ಅಂದ್ಕೋಬೇಡಿ. 2000ದಲ್ಲಿ ಪೆಪ್ ಅನ್ನೋ ಪದ್ಧತಿ ಶುರುವಾಯಿತು. ಭಾಷೆಗೆ ಏನಾದರೂ ಸೇರಿಸಬೇಕು ಅನ್ನಿಸಿದರೆ ಯಾಕೆ ಬೇಕು, ಹೇಗೆ ಮಾಡೋದು, ಬೇಡ ಅನ್ನುವವರ ವಾದವೇನು, ಇಷ್ಟನ್ನೂ ಬರೆದು ಒಂದು ನಂಬರ್ ಹಾಕಿ ಎಲ್ಲರ ಮುಂದಿಡೋದು. ಚರ್ಚೆ ಎಲ್ಲರದು, ಕೊನೆಯ ಮಾತು ಗೀಡೋದು. ಆ ಕೊನೆಯ ಮಾತು ಯಾಕೆ ಬೇಕಿತ್ತು ಅನ್ನೋದಕ್ಕೆ ಪೆಪ್ 308ರ ಕಥೆ ಕೇಳಿ.

ಒಂದೇ ಸಾಲಿನಲ್ಲಿ 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಅಂತ ಬರೆಯೋ ಸೌಲಭ್ಯ ಬೇಕು ಅಂತ ಬಹಳ ಜನ ಕೇಳುತ್ತಿದ್ದರು. ಸಿ ಕಲಿತವರಿಗೆ ಆ ಪ್ರಶ್ನಾರ್ಥಕ ಚಿಹ್ನೆಯ ಕರಾಮತ್ತು ಗೊತ್ತೇ ಇದೆ. 2003ರಲ್ಲಿ ಗೀಡೋ, ಸರಿ, ನೀವೇ ಮತ ಹಾಕಿ ತೀರ್ಮಾನ ಮಾಡಿ ಅಂದರು. ಮತದಾನ ಆಯಿತು. ಸೌಲಭ್ಯ ಬೇಕು ಅನ್ನುವವರೇನೋ ಸಾಕಷ್ಟಿದ್ದರು. ಆದರೆ ಅದರ ರೂಪ ಹೇಗಿರಬೇಕು ಅನ್ನೋದರಲ್ಲಿ ಯಾವ ಒಂದಕ್ಕೂ ಬಹುಮತ ಬರಲಿಲ್ಲ. ಪ್ರಸ್ತಾಪವೇ ಬಿದ್ದುಹೋಯಿತು. ಬೇಕು ಅಂದವರೇ ಜಾಸ್ತಿ, ಸಿಕ್ಕಿದ್ದು ಸೊನ್ನೆ. 2005ರ ಸೆಪ್ಟೆಂಬರಿನಲ್ಲಿ ಗೀಡೋ ಒಬ್ಬರೇ ಕೂತು, ಮೊದಲು ಉತ್ತರ, ನಡುವೆ ಷರತ್ತು, ಕೊನೆಗೆ ಇನ್ನೊಂದು ಉತ್ತರ, ಹೀಗಿರಲಿ ಅಂತ ತೀರ್ಪು ಕೊಟ್ಟರು. ಇವತ್ತಿಗೂ ನಾವು ಬರೆಯೋದು ಅದನ್ನೇ. ವ್ಯಾಕರಣದ ವಿಷಯದಲ್ಲಿ ಸಾಕು ಅನ್ನೋಕೆ ಒಬ್ಬರು ಬೇಕು ಅನ್ನೋ ಪಾಠವನ್ನ ಎಲ್ಲರೂ ಕಲಿತರು. ಆ 'ಸಾಕು' ಅನ್ನೋ ಕೆಲಸ ಅಂದವನ ಮೈಮೇಲೆ ಎಷ್ಟು ಭಾರ ಬೀಳುತ್ತೆ ಅಂತ ಯಾರೂ ಲೆಕ್ಕ ಹಾಕಲಿಲ್ಲ.

ಲೆಕ್ಕ ಗೊತ್ತಾಗಿದ್ದು ಪೆಪ್ 572ರಲ್ಲಿ. 2018ರ ಫೆಬ್ರವರಿ ಕೊನೆಗೆ ಬಂದ ಪ್ರಸ್ತಾಪ ಅದು. ಕೋಲನ್ ಪಕ್ಕ ಒಂದು ಸಮ ಚಿಹ್ನೆ, := ಅಷ್ಟೆ. ತಲೆ ವಾಲಿಸಿ ನೋಡಿದರೆ ಕೋರೆಹಲ್ಲಿನ ಕಡಲ ಪ್ರಾಣಿ ವಾಲ್ರಸ್ ಥರ ಕಾಣುತ್ತೆ, ಅದಕ್ಕೇ ಆ ಹೆಸರು. ಒಂದು ಬೆಲೆಯನ್ನ ಲೆಕ್ಕ ಹಾಕುವ ಜಾಗದಲ್ಲೇ ಅದಕ್ಕೊಂದು ಹೆಸರೂ ಕೊಟ್ಟುಬಿಡಬಹುದು, ಒಂದು ಸಾಲು ಉಳಿಯುತ್ತೆ. ಪೈಥಾನ್‌ನಲ್ಲಿ ಇದು ಮೊದಲಿನಿಂದಲೂ ಬೇಕಂತಲೇ ಇರಲಿಲ್ಲ. ಸಿ ಭಾಷೆಯಲ್ಲಿ ಎರಡು ಸಮ ಚಿಹ್ನೆಯ ಬದಲು ಒಂದು ಹಾಕಿ ಇಡೀ ದಿನ ಬಗ್ ಹುಡುಕಿದವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ವಿರೋಧ ಜೋರಾಗೇ ಬಂತು. ಪೈಥಾನ್‌ನ ಸರಳತೆ ಹಾಳಾಗುತ್ತೆ ಅಂದರು. ಓದೋಕೆ ಕಷ್ಟ, ಕಲಿಸೋಕೆ ಇನ್ನೂ ಕಷ್ಟ ಅಂದರು. ತಿಂಗಳುಗಟ್ಟಲೆ ವಾದ, ಒಂದೇ ವಾದ ಹತ್ತು ಸಲ.

ನನಗನ್ನಿಸೋದು, ಜಗಳ ಇಷ್ಟು ಕಹಿಯಾಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಪ್ರಸ್ತಾಪ ಶುರು ಮಾಡಿದ್ದು ಕ್ರಿಸ್ ಆಂಜೆಲಿಕೊ. ಕೊನೆಯ ಹಂತದಲ್ಲಿ ಹಳೆಯ ದಿಗ್ಗಜ ಟಿಮ್ ಪೀಟರ್ಸ್ ಜೊತೆ ಗೀಡೋ ಕೂಡ ಅದರ ಲೇಖಕರಾದರು. ಅರ್ಜಿದಾರರೂ ಅವರೇ, ಜಡ್ಜೂ ಅವರೇ. ಬೇರೆಯವರ ಜಗಳಕ್ಕೆ ತೀರ್ಪು ಕೊಡುವಾಗ ಸೋತವರಿಗೆ ಬೇಜಾರಾಗುತ್ತೆ, ಒಂದು ವಾರಕ್ಕೆ ಮರೆಯುತ್ತೆ. ತನ್ನದೇ ಪ್ರಸ್ತಾಪವನ್ನ ತಾನೇ ಒಪ್ಪಿಕೊಂಡಾಗ ಸೋತವರಿಗೆ ಆಗೋದು ಬೇಜಾರಲ್ಲ, ಸಿಟ್ಟು. ನಿಯಮ ಮುರಿದಿರಲಿಲ್ಲ, ಮುರಿಯೋಕೆ ನಿಯಮ ಇದ್ದರೆ ತಾನೆ?

ಜುಲೈ ಮೊದಲಲ್ಲಿ ಒಪ್ಪಿಗೆ ಕೊಟ್ಟರು. 12ನೇ ತಾರೀಕು ಸಹೋದ್ಯೋಗಿಗಳಿಗೆ 'ಅಧಿಕಾರ ಹಸ್ತಾಂತರ' ಅನ್ನೋ ಶೀರ್ಷಿಕೆಯ ಪತ್ರ ಬರೆದರು. ಒಂದು ಪೆಪ್‌ಗೋಸ್ಕರ ಇನ್ನೊಮ್ಮೆ ಇಷ್ಟೆಲ್ಲ ಹೊಡೆದಾಡಿ, ಕೊನೆಗೆ ಇಷ್ಟೊಂದು ಜನಕ್ಕೆ ನನ್ನ ತೀರ್ಮಾನ ಅಸಹ್ಯ ಅನ್ನಿಸೋದನ್ನ ನೋಡೋಕೆ ನನಗಾಗಲ್ಲ ಅನ್ನುವುದು ಅದರ ಸಾರ. ಸುಸ್ತಾಗಿದೆ, ದೊಡ್ಡ ವಿರಾಮ ಬೇಕು ಅಂದರು. ಹೇಗಿದ್ದರೂ ಆ ಬಸ್ಸು ಮೂಲೆಯಲ್ಲಿ ಕಾಯುತ್ತಲೇ ಇದೆಯಲ್ಲ ಅಂತ 1994ರ ಪ್ರಶ್ನೆಯನ್ನೂ ಎತ್ತಿದರು. ಆಮೇಲೆ ಮುಖ್ಯ ಮಾತು: ನಾನು ಉತ್ತರಾಧಿಕಾರಿಯನ್ನು ಹೆಸರಿಸುವುದಿಲ್ಲ. ಪ್ರಜಾಪ್ರಭುತ್ವವೋ, ಅರಾಜಕತೆಯೋ, ಇನ್ನೊಂದು ಸರ್ವಾಧಿಕಾರವೋ, ನೀವೇ ನೋಡಿಕೊಳ್ಳಿ.

ಅವತ್ತು ನಮ್ಮ ಟೀಮಿನಲ್ಲಿ ಎಲ್ಲರಿಗೂ ಇದು ಹೊಣೆಗೇಡಿತನ ಅನ್ನಿಸಿತು. ಯಾರಾದರೂ ಒಬ್ಬರ ಹೆಸರು ಹೇಳಿ ಹೋಗಬಾರದಿತ್ತಾ ಅಂದ ಗೆಳೆಯ. ನನಗೆ ನಮ್ಮೂರು ನೆನಪಾಯಿತು. ನಮ್ಮೂರಲ್ಲಿ ಕೆರೆ ನೀರಿನ ಪಾಳಿಯಿಂದ ಹಿಡಿದು ತೇರಿನ ದಿನದವರೆಗೆ ಒಬ್ಬ ಯಜಮಾನರ ಮಾತೇ ಕೊನೆ. ಎಂಥಾ ಜಗಳ ಇದ್ದರೂ ಕಟ್ಟೆ ಮೇಲೆ ಕೂತು ಅವರೊಂದು ಮಾತು ಹೇಳಿದರೆ ಮುಗೀತು. ಹೋಗೋ ಮುಂಚೆ ಅವರು ಹಿರಿಮಗನ ಹೆಸರು ಹೇಳಿ ಹೋದರು. ಮಗ ಕೆಟ್ಟವನಲ್ಲ. ಆದರೆ ಊರು ಒಪ್ಪಿದ್ದು ಅಪ್ಪನನ್ನ, ಅಪ್ಪ ಕೂತಿದ್ದ ಜಾಗವನ್ನಲ್ಲ. ಎರಡು ವರ್ಷ ತೇರು ಎಳೆಯಲಿಲ್ಲ. ಗೀಡೋ ಮೇಲಿದ್ದ ನಂಬಿಕೆ ಕೂಡ ಹಂಗೇ, ಮೂವತ್ತು ವರ್ಷ ಕೋಡ್ ಬರೆದು ಸಂಪಾದಿಸಿದ್ದು. ಅದನ್ನ ಪತ್ರ ಬರೆದು ಇನ್ನೊಬ್ಬರಿಗೆ ವರ್ಗ ಮಾಡೋಕಾಗುತ್ತಾ?

ಉಳಿದವರ ಮುಂದೆ ಬಂದು ನಿಂತದ್ದು ವಿಚಿತ್ರ ಗಂಟು. ಮುಂದಿನ ಆಡಳಿತ ಹೇಗಿರಬೇಕು ಅಂತ ತೀರ್ಮಾನ ಆಗಬೇಕು. ತೀರ್ಮಾನ ಮಾಡುವವರು ಯಾರು? ಮತ ಹಾಕೋಣ ಅಂದರೆ ಮತದಾರರು ಯಾರು, ಎಣಿಸೋದು ಹೇಗೆ, ಇದನ್ನು ನಿಶ್ಚಯಿಸುವವರು ಯಾರು? ಪೆಪ್ 308ರ ಗಾಯ ಬೇರೆ ನೆನಪಿತ್ತು. ಆಯ್ಕೆಗಳು ಹೆಚ್ಚಾದರೆ ಮತ ಚೂರುಚೂರಾಗುತ್ತೆ. ಕೊನೆಗೆ ಮತದಾನದ ರೀತಿಗೇ ಒಂದು ಪೆಪ್ ಬರೆದರು, ನಂಬರ್ 8001. ಕೋಡ್ ಸೇರಿಸೋ ಹಕ್ಕಿರುವ ಕೋರ್ ಡೆವಲಪರ್‌ಗಳೇ ಮತದಾರರು. ಪ್ರತಿಯೊಬ್ಬರೂ ಎಲ್ಲ ಆಯ್ಕೆಗಳನ್ನೂ ಒಂದು, ಎರಡು, ಮೂರು ಅಂತ ಜೋಡಿಸಬೇಕು. ಎಣಿಸುವಾಗ ಪ್ರತಿ ಎರಡು ಆಯ್ಕೆಯನ್ನೂ ಕುಸ್ತಿಗೆ ಬಿಟ್ಟ ಹಾಗೆ ಎದುರುಬದುರು ಹೋಲಿಸೋದು. ಎಲ್ಲರನ್ನೂ ಒಬ್ಬೊಬ್ಬರಾಗಿ ಸೋಲಿಸಿದ್ದು ಗೆದ್ದಿತು. ಹದಿನೆಂಟನೇ ಶತಮಾನದ ಫ್ರಾನ್ಸಿನ ಕಾಂಡರ್ಸೆ ಹೆಸರಿನ ಪದ್ಧತಿ ಇದು. ಡೆಬಿಯನ್‌ನವರು ತಮ್ಮ ಚುನಾವಣೆಗಳಲ್ಲಿ ಅದಾಗಲೇ ಬಳಸುತ್ತಿದ್ದರು.

ಕಣದಲ್ಲಿ ಏಳು ಪ್ರಸ್ತಾಪಗಳು. ಒಬ್ಬರೇ ನಾಯಕರಿರಲಿ ಅಂತ ಒಂದು, ಮೂವರಿರಲಿ ಅಂತ ಇನ್ನೊಂದು, ಯಾರೂ ಬೇಡ ಅಂತ ಮತ್ತೊಂದು. ಕೋರ್ ಡೆವಲಪರ್‌ಗಳಲ್ಲದ ಹೊರಗಿನವರು ಆಳಲಿ ಅನ್ನುವುದೂ ಇತ್ತು. ಇದರ ಜೊತೆ, ಇನ್ನಷ್ಟು ಚರ್ಚೆಯಾಗಲಿ ಅನ್ನೋ ಎಂಟನೇ ಆಯ್ಕೆ. (ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ಪ್ರತಿ ಸಲ ಗೆಲ್ಲೋದು ಇದೇ.) 2018ರ ಡಿಸೆಂಬರ್ 1ರಿಂದ 16ರವರೆಗೆ ಮತದಾನ. 94 ಮತದಾರರಲ್ಲಿ 62 ಜನ ಮತ ಹಾಕಿದರು. ನಥಾನಿಯಲ್ ಸ್ಮಿತ್ ಮತ್ತು ಡೊನಾಲ್ಡ್ ಸ್ಟಫ್ಟ್ ಬರೆದಿದ್ದ ಪೆಪ್ 8016 ಗೆದ್ದಿತು. ಪತ್ರ ಬಂದು ಐದು ತಿಂಗಳು ಆಗಿತ್ತಷ್ಟೆ. ಈ ನಡುವೆ ಯಾರೂ ಭಾಷೆಯನ್ನು ಒಡೆದು ತಮ್ಮದೇ ಪೈಥಾನ್ ಮಾಡಿಕೊಂಡು ಹೋಗಲಿಲ್ಲ. ಓಪನ್ ಸೋರ್ಸ್‌ನಲ್ಲಿ ಹಾಗೆ ಹೋಗೋಕೆ ಯಾರ ಅನುಮತಿಯೂ ಬೇಕಿಲ್ಲ ಅನ್ನೋದು ನೆನಪಿರಲಿ.

ಅದೇ ಹೊತ್ತಿಗೆ, ಸೆಪ್ಟೆಂಬರಿನಲ್ಲಿ, ಲಿನಕ್ಸ್‌ನ ಲಿನಸ್ ಟೋರ್ವಾಲ್ಡ್ಸ್ ಕೂಡ ತಮ್ಮ ಒರಟು ಮಾತುಗಳಿಗೆ ಕ್ಷಮೆ ಕೇಳಿ ರಜೆ ಹಾಕಿದ್ದರು. ಅವರು ಅಕ್ಟೋಬರಿನಲ್ಲಿ ವಾಪಸ್ ಬಂದರು. ಅಲ್ಲಿ ಬಸ್ಸಿನ ಪ್ರಶ್ನೆ ಕೇಳುವ ಪ್ರಮೇಯ ಬರಲಿಲ್ಲ.

ಗೆದ್ದ ಪ್ರಸ್ತಾಪ ಪೆಪ್ 13 ಅನ್ನೋ ಹೆಸರಲ್ಲಿ ಪೈಥಾನ್‌ನ ಸಂವಿಧಾನ ಆಯಿತು. ಐದು ಜನರ ಸ್ಟೀರಿಂಗ್ ಕೌನ್ಸಿಲ್. ಭಾಷೆಯ ಪ್ರತಿ ದೊಡ್ಡ ಬಿಡುಗಡೆಯ ನಂತರ ಹೊಸ ಚುನಾವಣೆ. ಒಂದೇ ಕಂಪನಿಯವರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ದೊಡ್ಡ ಕಂಪನಿಗಳ ದುಡ್ಡಿನ ತೂಕ ಗೊತ್ತಿದ್ದವರೇ ಬರೆದ ಸಾಲು ಅದು. ಮೂರನೇ ಎರಡರಷ್ಟು ಕೋರ್ ಡೆವಲಪರ್‌ಗಳು ಅವಿಶ್ವಾಸ ಸೂಚಿಸಿದರೆ ಇಳಿಸಬಹುದು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಅಂಶ. ಕೌನ್ಸಿಲ್‌ಗೆ ಎಲ್ಲ ಅಧಿಕಾರ ಕೊಟ್ಟು, ಅದನ್ನ ಆದಷ್ಟು ಕಡಿಮೆ ಬಳಸುವ ದಾರಿ ಹುಡುಕಿ ಅಂತ ಅದೇ ಪುಟದಲ್ಲಿ ಬರೆದಿದ್ದಾರೆ. ಒಂದೊಂದು ಪೆಪ್‌ಗೂ ತೀರ್ಪು ಕೊಡೋದಕ್ಕಿಂತ ತೀರ್ಪಿನ ಕ್ರಮವನ್ನ ಗಟ್ಟಿ ಮಾಡಿ ಅಂತ. ಒಬ್ಬ ಮನುಷ್ಯ ಸುಸ್ತಾಗಿದ್ದನ್ನ ಕಣ್ಣಾರೆ ಕಂಡವರಿಗೇ ಹೀಗೆ ಬರೆಯೋಕೆ ಸಾಧ್ಯ.

2019ರ ಫೆಬ್ರವರಿಯಲ್ಲಿ ಮೊದಲ ಕೌನ್ಸಿಲ್ ಬಂತು. ಬ್ಯಾರಿ ವಾರ್ಸಾ, ಬ್ರೆಟ್ ಕ್ಯಾನನ್, ಕ್ಯಾರಲ್ ವಿಲ್ಲಿಂಗ್, ನಿಕ್ ಕಾಗ್ಲನ್, ಐದನೆಯವರು ಗೀಡೋ! ನಮ್ಮ ಟೀಮಿನಲ್ಲಿ ನಕ್ಕಿದ್ದೇ ನಕ್ಕಿದ್ದು, ನಮ್ಮ ರಾಜಕಾರಣಿಗಳ ರಾಜೀನಾಮೆ ಥರಾನೇ ಆಯ್ತಲ್ಲ ಅಂತ. ಆದರೆ ಈಗ ಅವರದು ಐದರಲ್ಲಿ ಒಂದು ಮತ. ಮುಂದಿನ ಚುನಾವಣೆಯಲ್ಲಿ ಅವರಾಗಿಯೇ ಹಿಂದೆ ಸರಿದರು.

ಕೌನ್ಸಿಲ್ ಬಂದಮೇಲೆ ನೋವಿಲ್ಲ ಅಂತೇನಲ್ಲ. 2024ರ ಆಗಸ್ಟಿನಲ್ಲಿ, ನಡವಳಿಕೆ ಸಂಹಿತೆಯ ತಂಡದ ಶಿಫಾರಸಿನ ಮೇಲೆ, ಕೌನ್ಸಿಲ್ ಟಿಮ್ ಪೀಟರ್ಸ್ ಅವರನ್ನು ಕೋರ್ ಡೆವಲಪರ್ ಸ್ಥಾನದಿಂದ ಮೂರು ತಿಂಗಳು ಅಮಾನತು ಮಾಡಿತು. ಮೂವತ್ತು ವರ್ಷ ಜೊತೆಗಿದ್ದ ಹಿರಿಯರಿಗೆ ಹೀಗಾ ಅಂತ ಅನೇಕರಿಗೆ ಸಂಕಟವಾಯಿತು, ನನಗೂ ಆಯಿತು. ಮೊದಲಾಗಿದ್ದರೆ ಗೀಡೋ ಹತ್ರ ಹೋಗಿ, ಇದು ಸರಿಯಲ್ಲ ಅನ್ನಬಹುದಿತ್ತು. ಈಗ ಹಾಗೆ ಹೋಗಿ ಹೇಳೋಕೆ ಒಬ್ಬ ಮನುಷ್ಯ ಇಲ್ಲ. ಇರೋದು ಮುಂದಿನ ಚುನಾವಣೆ.

ಇನ್ನು ಗೀಡೋ. 2019ರಲ್ಲಿ ಡ್ರಾಪ್‌ಬಾಕ್ಸ್‌ನಿಂದ ನಿವೃತ್ತರಾದರು. ನಿವೃತ್ತಿ ಬೋರಾಗಿ 2020ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಸೇರಿದರು. ಅಷ್ಟರೊಳಗೆ, ಅದೇ ವರ್ಷದ ಜೂನ್‌ನಲ್ಲಿ, ಅವರು ಮತ್ತು ಇನ್ನೂ ಕೆಲವರು ಸೇರಿ ಪ್ಯಾಟರ್ನ್ ಮ್ಯಾಚಿಂಗ್ ಅನ್ನೋ ದೊಡ್ಡ ಹೊಸ ಸೌಲಭ್ಯಕ್ಕೆ ಪೆಪ್ 622 ಬರೆದಿದ್ದರು. ವಾಲ್ರಸ್ ಥರಾನೇ ಇದಕ್ಕೂ ವಿರೋಧ ಬಂತು, ಪರವಾಗಿಯೂ ಬಂತು. ಈ ಸಲ ಗೀಡೋ ಬರೀ ಅರ್ಜಿದಾರ. ಬಂದ ಟೀಕೆಗಳನ್ನೆಲ್ಲ ಇಟ್ಟುಕೊಂಡು ಪ್ರಸ್ತಾಪವನ್ನ ಒಡೆದು 634, 635, 636 ಅಂತ ಮೂರಾಗಿ ತಿದ್ದಿ ಬರೆದರು, ಕೌನ್ಸಿಲ್‌ಗೆ ಒಪ್ಪಿಸಿ ಎಲ್ಲರ ಹಾಗೆ ಕಾದರು. ಮೊದಲ ಕೌನ್ಸಿಲ್‌ನಲ್ಲಿದ್ದ ನಿಕ್ ಕಾಗ್ಲನ್ ಅದಕ್ಕೆ ಪರ್ಯಾಯವಾಗಿ ತಮ್ಮದೇ ಪೆಪ್ 642 ತಂದಿದ್ದರು. 2021ರ ಫೆಬ್ರವರಿಯಲ್ಲಿ ತೀರ್ಪು ಬಂತು: 642 ತಿರಸ್ಕೃತ, 634 ಅಂಗೀಕೃತ. ಆ ಅಕ್ಟೋಬರಿನಲ್ಲಿ ಪೈಥಾನ್ 3.10ರ ಜೊತೆ ಅದು ನಮ್ಮ ಲ್ಯಾಪ್‌ಟಾಪ್‌ಗಳಿಗೂ ಬಂತು.

ಮೊನ್ನೆ ಏನೋ ಅನುಮಾನ ಬಂದು ಪೆಪ್ 634 ತೆಗೆದು ಓದ್ತಾ ಇದ್ದೆ. ಮೇಲ್ಗಡೆ ಲೇಖಕರ ಹೆಸರಿವೆ. ಇಬ್ಬರು. ಗೀಡೋ ಎರಡನೆಯವರು.