ಹೆಬ್ಬಾಳದ ಕಪಾಟಿನಲ್ಲಿ ಅಮೆರಿಕದ ಚರಿತ್ರೆ

1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ಪ್ರಯೋಗ ಕ್ಷೇತ್ರಕ್ಕೆಂದು 30 ಎಕರೆ ಜಮೀನು ಕೊಟ್ಟರು. ಅಲ್ಲಿ ಮೊದಲು ಶಾಲೆ, ಆಮೇಲೆ ಕಾಲೇಜು, ಕೊನೆಗೆ ನಮ್ಮ ಕೃಷಿ ವಿಶ್ವವಿದ್ಯಾನಿಲಯ ಬಂತು. 1964ರ ಆಗಸ್ಟ್ 21ರಂದು ವಿಶ್ವವಿದ್ಯಾನಿಲಯವನ್ನು ಉದ್ಘಾಟಿಸಿದವರು ಉಪರಾಷ್ಟ್ರಪತಿ ಡಾ. ಜಾಕಿರ್ ಹುಸೇನ್; ಹೆಬ್ಬಾಳ ಆವರಣವನ್ನು ಉದ್ಘಾಟಿಸಿದವರು ಅಮೆರಿಕದ ರಾಯಭಾರಿ ಚೆಸ್ಟರ್ ಬೌಲ್ಸ್. ರಾಗಿ ಹೊಲದಲ್ಲಿ ಅಮೆರಿಕದ ರಾಯಭಾರಿಗೇನು ಕೆಲಸ? ಉತ್ತರ ಬೇಕಿದ್ದವರು ಕೃಷಿ ಗ್ರಂಥಾಲಯದ ಕಪಾಟುಗಳ ಮುಂದೆ ನಿಲ್ಲಬೇಕು.

ನಮ್ಮ ವಿಶ್ವವಿದ್ಯಾನಿಲಯದ ಮಾದರಿ ಅಮೆರಿಕದ್ದು. ಕಟ್ಟುವಾಗ ಕೈಜೋಡಿಸಿದ್ದು ಟೆನೆಸಿ ವಿಶ್ವವಿದ್ಯಾನಿಲಯ. 1862ರಲ್ಲಿ, ಅಂತರ್ಯುದ್ಧ ನಡೆಯುತ್ತಿರುವಾಗಲೇ, ಲಿಂಕನ್ ಮಾರಿಲ್ ಕಾಯ್ದೆಗೆ ಸಹಿ ಹಾಕಿದರು. ರಾಜ್ಯಗಳಿಗೆ ಸರ್ಕಾರಿ ಜಮೀನು ಕೊಡುವುದು, ಅದನ್ನು ಮಾರಿ ಬಂದ ಹಣದಲ್ಲಿ ರೈತರ ಮತ್ತು ಕಾರ್ಮಿಕರ ಮಕ್ಕಳಿಗೆ ಕಾಲೇಜು ನಡೆಸುವುದು ಅದರ ತಿರುಳು. 1887ರ ಕಾಯ್ದೆ ಪ್ರಯೋಗ ಕೇಂದ್ರಗಳನ್ನು ತಂದಿತು, 1914ರದ್ದು ವಿಸ್ತರಣಾ ಸೇವೆಯನ್ನು. ಬೋಧನೆ, ಸಂಶೋಧನೆ, ವಿಸ್ತರಣೆ ಎಂದು ನಾವು ಒಂದೇ ಉಸಿರಿಗೆ ಹೇಳುವ ಮೂರೂ ಹೀಗೆ ಬಂದವು. ಆದರೆ ಆ ಜಮೀನು ಮೂಲನಿವಾಸಿಗಳಿಂದ ಕಸಿದದ್ದು ಎಂಬುದನ್ನೂ ಓದುಗ ಮರೆಯಬಾರದು.

ಆ ಕಪಾಟುಗಳಲ್ಲಿರುವ ಅಮೆರಿಕದ ಪುಸ್ತಕಗಳ ಹಿಂದೆ ಗೋಧಿಯ ಕಥೆಯಿದೆ. ಅಮೆರಿಕದ 1954ರ ಪಿ.ಎಲ್. 480 ಕಾಯ್ದೆಯಡಿ ಅಲ್ಲಿಂದ ಬಂದ ಗೋಧಿಗೆ ನಾವು ರೂಪಾಯಿಯಲ್ಲೇ ಹಣ ಕಟ್ಟಿದೆವು. ಆ ರೂಪಾಯಿಯ ಒಂದು ಪಾಲಿನಿಂದ ಅಮೆರಿಕದ ಪಠ್ಯಪುಸ್ತಕಗಳು ಅಗ್ಗದ ಬೆಲೆಗೆ ಇಲ್ಲೇ ಅಚ್ಚಾದವು. 1960ರ ದಶಕದಲ್ಲಿ ಅದೇ ಹಣದಿಂದ ಭಾರತೀಯ ಭಾಷೆಗಳ ಪುಸ್ತಕಗಳು ಅಮೆರಿಕದ ಗ್ರಂಥಾಲಯಗಳಿಗೂ ಹೋದವು.

ಕೃಷಿ ಪದವೀಧರರಿಗೆಲ್ಲ ಗೊತ್ತಿರುವ ಸ್ನೆಡೆಕರ್ ಅವರ ಸಂಖ್ಯಾಶಾಸ್ತ್ರದ ಪುಸ್ತಕವನ್ನೇ ನೋಡಿ. ಪರೀಕ್ಷೆಗೆ ಓದಿ ಮುಚ್ಚಿಟ್ಟವರೇ ಹೆಚ್ಚು. ಅಯೋವಾದ ಕೃಷಿ ಕಾಲೇಜಿನ ಈ ಅಧ್ಯಾಪಕರನ್ನು ಸಂಖ್ಯಾಶಾಸ್ತ್ರದ ಕಡೆ ಎಳೆದವರಲ್ಲಿ ಒಬ್ಬರು ಮುಸುಕಿನ ಜೋಳದ ತಳಿಗಾರ ಹೆನ್ರಿ ವ್ಯಾಲೇಸ್. ಮುಂದೆ ಅವರು ಅಮೆರಿಕದ ಉಪಾಧ್ಯಕ್ಷರಾದರು. ಬಾಲಕ ವ್ಯಾಲೇಸ್‌ಗೆ ಗಿಡಗಳನ್ನು ತೋರಿಸುತ್ತ ತಿರುಗಾಡಿಸಿದವರು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಗುಲಾಮಗಿರಿಯಲ್ಲಿ ಹುಟ್ಟಿದ ಕಾರ್ವರ್ ಅಯೋವಾದಲ್ಲಿ ಓದಿ, ಪಾಠ ಹೇಳಿ, 1896ರಲ್ಲಿ ಅಲಬಾಮಾದ ಟಸ್ಕೀಗಿಗೆ ಹೋದರು. 1906ರಲ್ಲಿ ಅಲ್ಲಿಂದ ಕುದುರೆಗಾಡಿಯಲ್ಲಿ ಉಪಕರಣ, ಬೀಜಗಳನ್ನು ತುಂಬಿಕೊಂಡು ಬಡ ಕಪ್ಪು ರೈತರ ಮನೆಬಾಗಿಲಿಗೇ ಪಾಠ ಹೋಗುವಂತಾಯಿತು. ಒಂದು ಲೆಕ್ಕದ ಪುಸ್ತಕದ ಹಿಂದೆ ಹೊರಟರೆ ಅಮೆರಿಕದ ವರ್ಣಭೇದದ ಚರಿತ್ರೆ ಎದುರಾಗುವುದು ಹೀಗೆ.

ಮಣ್ಣಿನ ಪುಸ್ತಕಗಳಲ್ಲಿ ಸೋಲಿನ ಅಧ್ಯಾಯಗಳಿವೆ. ಹುಲ್ಲುಗಾವಲನ್ನೆಲ್ಲ ಉತ್ತು ಗೋಧಿ ಬಿತ್ತಿದ ಅಮೆರಿಕದ ಬಯಲುಸೀಮೆಯ ಮೇಲ್ಮಣ್ಣು 1930ರ ದಶಕದ ಬರದಲ್ಲಿ ಧೂಳಾಗಿ ಹಾರಿತು. ಲಕ್ಷಾಂತರ ಜನ ಊರು ಬಿಟ್ಟರು. 1935ರಲ್ಲಿ ಮಣ್ಣಿನ ಸಂರಕ್ಷಣೆಗೆ ಕಾಯ್ದೆ ಬಂತು. ಮಳೆಯನ್ನೇ ನಂಬಿದ ನಮ್ಮ ಕೆಂಪುಮಣ್ಣಿನ ರೈತನಿಗೆ ಈ ಅಧ್ಯಾಯ ದೂರದ್ದಲ್ಲ.

ಹಾಗೆಂದು ಎಲ್ಲವೂ ಅಲ್ಲಿಂದ ಬರಲಿಲ್ಲ. ರಾಗಿಗೆ ಅಮೆರಿಕದಲ್ಲಿ ಮಾದರಿ ಇರಲಿಲ್ಲ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟವರು ನಮ್ಮವರೇ ಆದ ‘ರಾಗಿ ಲಕ್ಷ್ಮಣಯ್ಯ’. ಎರವಲು ತಂದ ಚೌಕಟ್ಟಿನೊಳಗೆ ಸ್ವಂತ ಬೆಳೆ ತೆಗೆದದ್ದೇ ಈ ಸಂಸ್ಥೆಯ ಹೆಗ್ಗಳಿಕೆ.

ಹಳೆಯ ಬುಲೆಟಿನ್‌ಗಳನ್ನೂ ವರದಿಗಳನ್ನೂ ಈಗ ಕೇಳುವವರು ಕಡಿಮೆ. ಯಾರೂ ಓದುವುದಿಲ್ಲವೆಂದು ಅವನ್ನು ರದ್ದಿಗೆ ಹಾಕುವ ಮುನ್ನ ಸ್ಕ್ಯಾನ್ ಮಾಡಿಡಬೇಕು, ಮುಖ್ಯವಾದವುಗಳಿಗೆ ಕನ್ನಡದಲ್ಲಿ ಪರಿಚಯ ಬರೆಸಬೇಕು. ವಿದ್ಯಾರ್ಥಿಗಳೂ ಸಿಲಬಸ್ಸಿನಾಚೆ ಒಂದು ಪುಸ್ತಕವನ್ನಾದರೂ ಎರವಲು ಪಡೆದು ಓದಲಿ.