ಹುಲಿಯೇ ತೆಗೆದ ಹುಲಿಯ ಫೋಟೋ

ಮೊನ್ನೆ ನಾಗರಹೊಳೆ ಸಫಾರಿಯಲ್ಲಿ ಹುಲಿ ಕಂಡಿತು. ನಾನು "ಅಲ್ನೋಡಿ!" ಎಂದು ಕೂಗಿ, ಸಾಲ ಮಾಡಿ ಕೊಂಡ ಲೆನ್ಸ್ ಹಿಡಿದು ಎದ್ದು ನಿಂತೆ. ಅಷ್ಟೇ... ಹುಲಿ ಪೊದೆಯೊಳಗೆ ಮಾಯ. ಹಿಂದಿನ ಸೀಟಿನ ಪುಟ್ಟ ಹುಡುಗಿಗೆ ಬಾಲವೂ ಕಾಣಲಿಲ್ಲ. ಅವಳ ಪೆಚ್ಚು ಮುಖ ಇನ್ನೂ ಕಾಡುತ್ತಿದೆ.

ಆಗ ನೆನಪಾದವರು ಎಫ್. ಡಬ್ಲ್ಯು. ಚಾಂಪಿಯನ್. 1920ರ ದಶಕದಲ್ಲಿ ಉತ್ತರ ಭಾರತದ ಸಂಯುಕ್ತ ಪ್ರಾಂತ್ಯದಲ್ಲಿ ಅರಣ್ಯಾಧಿಕಾರಿ. ಉಳಿದವರು ಕೋವಿ ಹಿಡಿದು ಅಲೆಯುತ್ತಿದ್ದ ಕಾಲದಲ್ಲಿ ಈ ಪುಣ್ಯಾತ್ಮ ಕಾಡಿನ ಜಾಡಿಗೆ ಅಡ್ಡಲಾಗಿ ತಂತಿ ಕಟ್ಟುತ್ತಿದ್ದರು. ಹುಲಿಯ ಕಾಲು ತಾಗಿದರೆ ಫ್ಲಾಷ್ ಪುಡಿ ಹೊತ್ತಿ, ಶಟರ್ ಬಿದ್ದು, ಫೋಟೋ ರೆಡಿ. ತೆಗೆದದ್ದು ಹುಲಿಯೇ!

ತಂತಿ ಕಟ್ಟುವುದೇನು ಮಹಾ ಅಂತೀರಾ? ಎಲ್ಲಿ ಕಟ್ಟಬೇಕೆಂದು ಗೊತ್ತಿರಬೇಕಲ್ಲ! ಅದಕ್ಕೆ ಹೆಜ್ಜೆ ಗುರುತು ಓದಬೇಕು, ಜಾಡು ಹಿಡಿಯಬೇಕು, ಕಾಯಬೇಕು. ಆ ಚಿತ್ರಗಳ ಪುಸ್ತಕ 1927ರಲ್ಲಿ ಬಂತು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ ಎಂಬುದನ್ನೂ ಅವರು ಗುರುತಿಸಿದ್ದರು. 1990ರ ದಶಕದಲ್ಲಿ ನಮ್ಮ ಉಲ್ಲಾಸ ಕಾರಂತರು ಇದೇ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆ ನೋಡಿ ಹುಲಿಗಳ ಲೆಕ್ಕ ಹಾಕಿದರು.

ಅಂದಹಾಗೆ ನೀವು ತಂತಿ ಕಟ್ಟಲು ಹೋಗಬೇಡಿ ಮಾರಾಯ್ರೆ! ಫ್ಲಾಷ್ ಕೂಡ ಬೇಡ. ಐಎಸ್ಒ, ಶಟರ್ ವೇಗ ಮೊದಲೇ ಹೊಂದಿಸಿಕೊಳ್ಳಿ. ಜಿಂಕೆ, ಮುಸುವಗಳ ಎಚ್ಚರಿಕೆಯ ಕೂಗು ಕೇಳಿಸಿಕೊಳ್ಳಿ. ಹುಲಿ ಕಂಡರೆ ಕೂತಲ್ಲೇ ಕೂತಿರಿ, ಬಾಯಿ ಮುಚ್ಚಿಕೊಂಡು.

ಲೆನ್ಸಿನ ಇಎಂಐ ಇನ್ನೂ 14 ತಿಂಗಳಿದೆ. ಈ ಪಾಠ ಮಾತ್ರ ಪುಕ್ಕಟೆ ಸಿಕ್ಕಿತು... ಆ ಹುಡುಗಿಯ ಖರ್ಚಿನಲ್ಲಿ.